ಕಾಲುವೆಯ ಭೋಂಗಾಗಳಲ್ಲಿ ಗಿಟಾರು

ನಮ್ಮ ಕಡೆ ಗಿಟಾರಿನ ಮಾತು ಬಂದರೆ ಒಂದು ಕತೆ ಬಂದೇ ಬರುತ್ತದೆ. ಶಹಾಪುರದ ಹತ್ತಿರ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಹೊಳೆದಂಡೆಯ ಒಬ್ಬ ಹುಡುಗ ತನ್ನ ಗಿಟಾರನ್ನು ಭಾಷಣದ ಭೋಂಗಾಗಳಿಗೆ, ಅಂದರೆ ತುತ್ತೂರಿ ಬಾಯಿಯ ಲೌಡ್‌ಸ್ಪೀಕರುಗಳಿಗೆ, ಸಿಕ್ಕಿಸಿ ಬಾರಿಸಿದ. ಮೈಕಿನವನು ಯಾರಿಗೂ ಹೆದರದೆ ಆವಾಜನ್ನು ಪೂರ್ತಿ ಏರಿಸಿಕೊಟ್ಟ. ಅಲ್ಲಿಂದ ಆ ಹುಡುಗನ ದೆಸೆ ತಿರುಗಿತು. ಇಷ್ಟು ಕತೆ.

ಆ ಮೈಕಿನವನು ನಾನು. ಈ ಕತೆಯ ದೆಸೆಯಿಂದ ಸುರಪುರದಲ್ಲಿ ಒಮ್ಮೆ, ಯಾದಗಿರಿಯಲ್ಲಿ ಒಮ್ಮೆ ಶಾಲು ಹೊದಿಸಿಕೊಂಡಿದ್ದೇನೆ. ಕತೆಯಲ್ಲಿ ಹುಡುಗನ ಪಾಲು ನಿಜ. ನನ್ನ ಪಾಲು ಸುಳ್ಳು. ಆವಾಜು ಏರಿಸಿದ್ದು ನಾನೇ ಹೌದು, ಆದರೆ ಯಾಕೆ ಏರಿಸಿದೆ ಎಂಬುದನ್ನು ಈ ಬೇಸಿಗೆಯವರೆಗೂ ಯಾರಿಗೂ ಹೇಳಿರಲಿಲ್ಲ.

ಕಾಲುವೆ ತೋಡುತ್ತಿದ್ದ ಆ ವರ್ಷಗಳಲ್ಲಿ ನಾನು ಮೆಟ್ರಿಕ್ ಮುಗಿಸಿ, ನೌಕರಿ ಸಿಗದೆ, ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದೆ. ಕಾಲುವೆ ಬಂದದ್ದೇ ನಮ್ಮಂಥವರಿಗೆ ಸುಗ್ಗಿ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಎಲ್ಲೆಲ್ಲಿಯ ಮಂದಿ ಇದ್ದರು! ಆಂಧ್ರದವರು, ಕೇರಳದವರು, ಸೋಲಾಪುರದವರು. ಅವರ ಮಕ್ಕಳ ಹುಟ್ಟುಹಬ್ಬ, ಗಣಪತಿ, ನಿವೃತ್ತಿ, ವರ್ಗ, ಎಲ್ಲಕ್ಕೂ ಮೈಕು ಬೇಕಾಗಿತ್ತು. ನನ್ನ ಸೆಟ್ಟಿಗೆ ಒಂದು ಹೆಸರಿತ್ತು: ಆವಾಜು ಸ್ವಚ್ಛ. ಗೋಗಿ ಊರಲ್ಲಿ ಮಾತಾಡಿದರೆ ಹೊಲದಲ್ಲಿದ್ದವನಿಗೂ ಅಕ್ಷರ ಅಕ್ಷರ ಕೇಳಬೇಕು, ಅದು ನನ್ನ ಹಟ. ಒಂದು ಸಣ್ಣ ಗೊರಗೊರ ಬಂದರೂ ನನಗೆ ಊಟ ರುಚಿಸುತ್ತಿರಲಿಲ್ಲ.

ಗಿಟಾರಿನ ಆ ಹುಡುಗ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಕಾಲುವೆಯ ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಸುರಪುರ ತಾಲ್ಲೂಕಿನ ಕೃಷ್ಣಾ ದಂಡೆಯ ಊರು. ಮನೆತನ ಮೀನು ಹಿಡಿಯುವವರದು. ಕ್ಯಾಂಪಿನಲ್ಲಿ ಗೋವಾದ ಕಡೆಯ ಒಬ್ಬ ಕ್ರೇನ್ ಆಪರೇಟರ್ ಇದ್ದ. ಅವನ ಕೋಣೆಯಲ್ಲಿ ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್ಟುಗಳು ಮತ್ತು ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರು ಇದ್ದವು. ಈ ಹುಡುಗ ಕೆಲಸ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುತ್ತಿದ್ದ. ಹಾಡಿನ ಒಂದು ಶಬ್ದವೂ ಇವನಿಗೆ ತಿಳಿಯುತ್ತಿರಲಿಲ್ಲ, ಆದರೆ ಗಿಟಾರು ಕೂಗಿದ ಕಡೆ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಆಪರೇಟರ್ ಊರಿಗೆ ಹೊರಟ ದಿನ ಗಿಟಾರನ್ನು ಇವನ ಕೈಗೆ ಕೊಟ್ಟು ಹೋದ. ಕ್ಯಾಸೆಟ್ಟುಗಳನ್ನು ಮಾತ್ರ ಕೊಡಲಿಲ್ಲ. ಅದೇ ಒಳ್ಳೆಯದಾಯಿತು ಎಂದು ಅವನು ಈಗಲೂ ಹೇಳುತ್ತಾನೆ. ನೆನಪಿನಲ್ಲಿ ಉಳಿದಷ್ಟನ್ನು ತಾನೇ ಹುಡುಕಿಕೊಳ್ಳಬೇಕಾಯಿತಲ್ಲ.

ಗಿಟಾರು ಬಂತು, ಅದನ್ನು ಮಾತಾಡಿಸುವ ಪೆಟ್ಟಿಗೆ ಬೇಕಲ್ಲ? ಅದಕ್ಕೆ ನನ್ನ ಅಂಗಡಿಗೆ ಬಂದ.

"ಅಣ್ಣ, ಇದನ್ನ ನಿಮ್ಮ ಮಷೀನಿಗಿ ಹಚ್ಚಿ ನೋಡ್ಲೇನ್ರಿ?"

"ಏನಪಾ ಇದು, ಕಟಿಗಿ ಸೌಟ ಇದ್ದಂಗ ಅದ?"

"ಸೌಟಲ್ರಿ, ಗಿಟಾರ."

"ಹಚ್ಚು. ಸುಟ್ರ ಮಾತ್ರ ನಿನ್ನ ವೆಲ್ಡಿಂಗ್ ಮಷೀನ್ ತಂದು ಇಲ್ಲಿಡಬೇಕ ನೋಡು."

ನನ್ನಲ್ಲಿ ಆಗ ಕೆಟ್ಟ ಪೆಟ್ಟಿಗೆ ಒಂದೇ ಇತ್ತು. ಕಾಲುವೆಗೆ ಬಂಡೆ ಹಾರಿಸುವ ಜಾಗದ ಸಮೀಪ ಒಂದು ಪೂಜೆಗೆ ಮೈಕು ಹಾಕಿದ್ದೆ. ಸಿಡಿದ ಬಂಡೆಯ ಚೂರೊಂದು ಹಾರಿ ಬಂದು ಪೆಟ್ಟಿಗೆಯ ಜಾಳಿಗೆ ಬಡಿದು, ಒಳಗಿನ ಸ್ಪೀಕರಿನ ಕಾಗದದ ಕೋನನ್ನು ಸೀಳಿಬಿಟ್ಟಿತ್ತು. ಮಾತಾಡಿದರೆ ಗಂಟಲು ಕಟ್ಟಿದವನು ಮಾತಾಡಿದಂತೆ ಕೇಳುತ್ತಿತ್ತು. ಬಾಡಿಗೆಗೆ ಬಾರದ ಆ ಪೆಟ್ಟಿಗೆಯನ್ನೇ ಅವನ ಮುಂದೆ ಸರಿಸಿದೆ.

ಅವನು ಒಂದು ತಂತಿ ಎಳೆದ.

ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹರಿದ ಕಾಗದ ನಡುಗಿ, ಗೊರಗುಟ್ಟಿ, ಗುರ್ರೆಂದು ಕೂಗಿತು. ಪಕ್ಕದ ಚಹಾದಂಗಡಿಯವನು ಗ್ಲಾಸು ಹಿಡಿದುಕೊಂಡೇ ಓಡಿ ಬಂದ. ಹುಡುಗ ಮಾತ್ರ ಅಲ್ಲಾಡದೆ ನಿಂತಿದ್ದ. ಮುಖ ಬೆಳಗಿತ್ತು.

"ಅಣ್ಣ! ಇದ ಆವಾಜ್ರಿ! ಕ್ಯಾಸೆಟ್ಟಿನಾಗ ಇದ್ದದ್ದು ಇದ!"

ಅಂಗಡಿ ಇಟ್ಟಂದಿನಿಂದ ಯಾವ ಸದ್ದನ್ನು ತೊಲಗಿಸಲು ನಾನು ಹೆಣಗಿದ್ದೆನೋ ಆ ಸದ್ದಿಗೆ ಅವನು ಕುಣಿಯುತ್ತಿದ್ದ. ಅವತ್ತಿನಿಂದ ಆ ಪೆಟ್ಟಿಗೆ ಅವನದಾಯಿತು. ಅವನಿಗಾಗಿಯೇ ನಾನು ನಾಲ್ಕು ಮಂದಿಯ ಆರ್ಕೆಸ್ಟ್ರಾ ಕಟ್ಟಿದೆ. ಸಿನೆಮಾ ಹಾಡುಗಳೇ, ಮದುವೆಗಳೇ. ಆದರೆ ಹಾಡಿನ ನಡುವೆ ಇವನಿಗೆ ಒಂದು ತುಂಡು ಬಿಟ್ಟುಕೊಡುತ್ತಿದ್ದೆವು. ಆ ತುಂಡಿಗಾಗಿ ಸೈದಾಪುರದಿಂದಲೂ ರೈಲು ಹತ್ತಿ ಮಂದಿ ಬರತೊಡಗಿದರು.

ಅವನು ಬಾರಿಸುವ ರೀತಿಯನ್ನು ಹೇಳಬೇಕು. ಸರಸರ ಬೆರಳು ಓಡಿಸುವವನಲ್ಲ. ಒಂದು ಸ್ವರ ಹಿಡಿದು ನಿಲ್ಲುತ್ತಿದ್ದ. ಎಡಗೈಯ ಬೆರಳಿನಿಂದ ತಂತಿಯನ್ನು ಮೇಲಕ್ಕೆ ಜಗ್ಗಿ ಸ್ವರವನ್ನು ಏರಿಸುತ್ತಿದ್ದ, ಹಾಗೇ ಸಡಿಲ ಬಿಡುತ್ತಿದ್ದ, ಮತ್ತೆ ಜಗ್ಗುತ್ತಿದ್ದ. ಕೇಳುವವರು ಮುಂದೇನು ಎಂದು ಕಾಯುತ್ತಿರುವಾಗ ಒಂದೇ ಸಲ ಎಳೆದು ತಂದು ಬಿಸಾಡುತ್ತಿದ್ದ. ಇದನ್ನು ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ.

"ಎಲ್ಲಿ ಕಲೀಲಿ ಅಣ್ಣ? ನಮ್ಮಪ್ಪ ಗಾಳ ಹಾಕೋದು ನೋಡೀನಿ. ದೊಡ್ಡ ಮೀನ ಬಿತ್ತಂದ್ರ ಜಗ್ಗಬಾರದು. ಜಗ್ಗಿದ್ರ ದಾರ ಹರೀತದ. ಬಿಡಬೇಕು, ಅದು ಓಡಬೇಕು. ಓಡಿ ಓಡಿ ದಣಿತದಲ್ಲ, ಆವಾಗ ತಗೀಬೇಕು."

"ಮತ್ತ ತಂತಿ ಹರದ್ರ?"

"ಹರದ್ರ ಸೈಕಲ್ ಬ್ರೇಕಿನ ವೈರ್ ಅದಲ್ರಿ!"

ಸುಳ್ಳಲ್ಲ. ಗಿಟಾರಿನ ತಂತಿ ಯಾದಗಿರಿಯಲ್ಲಿ ಎಲ್ಲಿ ಸಿಗಬೇಕು? ಬ್ರೇಕಿನ ವೈರಿನ ಎಳೆ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದ. ಮೀಟುವುದಕ್ಕೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಚೂರು. ಬೆರಳ ತುದಿಗಳು ಮೊದಲೇ ವೆಲ್ಡಿಂಗಿನಲ್ಲಿ ಸುಟ್ಟು ಗಟ್ಟಿಯಾಗಿದ್ದವು, ಬ್ರೇಕಿನ ವೈರು ಅವನನ್ನು ಏನೂ ಮಾಡುತ್ತಿರಲಿಲ್ಲ.

ಇನ್ನು ನನ್ನ ಪಾಪದ ಮಾತು.

ಅವನಿಂದ ನನ್ನ ಅಂಗಡಿ ಬೆಳೆದಿತ್ತು. ಮಂದಿ 'ಗಿಟಾರಿನ ಮೈಕ್‌ಸೆಟ್' ಎಂದೇ ಕರೆಯುತ್ತಿದ್ದರು. ಅಷ್ಟರಲ್ಲಿ ಶಾಖಾ ಕಾಲುವೆಗೆ ನೀರು ಬಿಡುವ ದಿನ ಗೊತ್ತಾಯಿತು. ಮೈಕಿನ ಕೆಲಸ ನನಗೆ ಬಂತು, ಅತಿಥಿಗಳು ಬರುವವರೆಗೆ ಮಂದಿಯನ್ನು ಹಿಡಿದಿಡಲು ನಮ್ಮ ಆರ್ಕೆಸ್ಟ್ರಾಕ್ಕೂ ಹೇಳಿಕೆ ಬಂತು. ಗುತ್ತಿಗೆದಾರರ ಪರಿಚಯದ ಹೈದರಾಬಾದಿನ ದೊಡ್ಡ ಆರ್ಕೆಸ್ಟ್ರಾದ ಮಾಲೀಕರೊಬ್ಬರು ಅವತ್ತು ಬರುತ್ತಾರೆ, ಈ ಹುಡುಗನನ್ನು ಕೇಳಲೆಂದೇ ಬರುತ್ತಾರೆ, ಹಿಡಿಸಿದರೆ ಕರೆದುಕೊಂಡೇ ಹೋಗುತ್ತಾರೆ ಎಂದು ಸುದ್ದಿ ಹಬ್ಬಿತು.

ಅವನು ಅಂಗಡಿಗೆ ಹಾರುತ್ತ ಬಂದ. "ಅಣ್ಣ, ಹೈದ್ರಾಬಾದ್! ನೀವು ನಿಂತು ಆವಾಜ್ ಬರೋಬ್ಬರಿ ಇಟ್ರ ಆತು, ಉಳದದ್ದು ನಾ ನೋಡ್ಕೋತೀನಿ."

"ಆಗ್ಲಪಾ" ಎಂದೆ.

ಅವನು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು, ಆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದೆ. ಹರಿದ ಸ್ಪೀಕರನ್ನು ತೆಗೆದು ಹೊಚ್ಚ ಹೊಸದನ್ನು ಕೂರಿಸಿದೆ. ಕೇಳಿದವರಿಗೆ ಹೇಳಲು ಒಂದು ನೆವ ಸಿದ್ಧವಿತ್ತು: ದೊಡ್ಡ ಮಂದಿಯ ಮುಂದೆ ಹರಕು ಪೆಟ್ಟಿಗೆ ಇಟ್ಟರೆ ನನ್ನ ಸೆಟ್ಟಿನ ಮರ್ಯಾದೆ ಏನಾದೀತು? ಆ ನೆವವನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೆಂದರೆ ಅರ್ಧ ನಂಬಿದ್ದೆ. ಆದರೆ ನಿಜವಾದ ಕಾರಣ ಬೇರೆ. ಅವನು ಹೋಗಬಾರದಾಗಿತ್ತು, ಅಷ್ಟೇ. ಹರಿದ ಸ್ಪೀಕರನ್ನು ಒಗೆಯಲು ಮನಸ್ಸಾಗದೆ, ಗೋಣಿಯಲ್ಲಿ ಸುತ್ತಿ ಮನೆಯ ಅಟ್ಟಕ್ಕೆ ಸೇರಿಸಿದೆ.

ಆ ದಿನ ಕಾಲುವೆಯ ಎರಡೂ ಏರಿಯ ಮೇಲೆ ಜಾತ್ರೆಗೂ ಸೇರದಷ್ಟು ಮಂದಿ. ತಂತಮ್ಮ ಹೊಲದ ಹತ್ತಿರವೇ ನಿಂತು ನೀರು ನೋಡಬೇಕೆಂದು ತೂಬಿನ ಗೇಟಿನಿಂದ ಹಿಡಿದು ಕಾಲುವೆ ತಿರುಗುವವರೆಗೂ ನಿಂತಿದ್ದರು. ಅವರೆಲ್ಲರಿಗೂ ಭಾಷಣ ಕೇಳಲೆಂದು ನಾನು ಏರಿಯುದ್ದಕ್ಕೂ ಬಿದಿರಿನ ಗಳ ನೆಟ್ಟು ಭೋಂಗಾ ಕಟ್ಟಿದ್ದೆ. ಭೋಂಗಾಗಳಿಗೆ ಆವಾಜು ಏರಿಸುವ ಒಂದು ಮಷೀನು, ವೇದಿಕೆಯ ಮೇಲಿನ ಆರ್ಕೆಸ್ಟ್ರಾದ ಪೆಟ್ಟಿಗೆಗೆ ಇನ್ನೊಂದು. ಎರಡೂ ನನ್ನ ಮುಂದಿನ ಮೇಜಿನ ಮೇಲೆ.

ಹೈದರಾಬಾದಿನವರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಬಿಳಿ ಸಫಾರಿ, ಬಾಯಲ್ಲಿ ಪಾನು. ಹಾಡು ಶುರುವಾಯಿತು. ಅವನ ತುಂಡು ಬಂತು. ತಂತಿ ಜಗ್ಗಿದ.

ಆವಾಜು ಸ್ವಚ್ಛವಾಗಿ ಬಂತು. ಶಾಲೆಯ ಪ್ರಾರ್ಥನೆಗೆ ಬಾರಿಸಿದ ಹಾಗೆ. ಅವನು ಜಗ್ಗಿದಷ್ಟೂ ಸ್ವರ ತೆಳ್ಳಗಾಗಿ ಸತ್ತುಹೋಯಿತು. ಇನ್ನೊಮ್ಮೆ ಎಳೆದ. ಪೆಟ್ಟಿಗೆ ನೋಡಿದ. ನನ್ನನ್ನು ನೋಡಿದ. ನಾನು ವೈರು ನೋಡುತ್ತಿದ್ದೆ. ಹಾಡು ಹೇಗೋ ಮುಗಿಯಿತು. ಸಫಾರಿಯವರು ಪಾನು ಉಗುಳಿ ಬಂದು ಗಡಿಯಾರ ನೋಡಿಕೊಂಡರು.

ಅವನು ವೇದಿಕೆಯಿಂದ ಜಿಗಿದು ನನ್ನ ಮೇಜಿಗೆ ಬಂದ.

"ಅಣ್ಣ, ಡಬ್ಬಿಗಿ ಏನಾಗ್ಯಾದ?"

"ಏನಾಗ್ಯಾದ? ರಿಪೇರಿ ಆಗ್ಯಾದ. ದೊಡ್ಡ ಮಂದಿ ಬಂದಾರಲ್ಲಪಾ."

"ಹಳೇದೆಲ್ಲಿ?"

"ಒಗದೀನಿ."

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಅವನ ಕಣ್ಣು ಭಾಷಣದ ಮಷೀನಿನ ಮೇಲೆ ಬಿತ್ತು. ಗಿಟಾರಿನ ಪಿನ್ನನ್ನು ಆರ್ಕೆಸ್ಟ್ರಾದ ಮಷೀನಿನಿಂದ ಕಿತ್ತು ಅದಕ್ಕೆ ಚುಚ್ಚಿದ.

"ಏ! ಅದು ಸಾಹೇಬ್ರ ಭಾಷಣದ್ದಲೇ!"

"ಸಾಹೇಬ್ರು ಇನ್ನಾ ಭೀಮರಾಯನಗುಡಿ ದಾಟಿಲ್ರಿ. ಅವ್ರು ಬರೂತನ ಖಾಲಿ ಕುಂತ್ರ ಅದಕ್ಕೂ ಬ್ಯಾಸರ ಆಗ್ತದ!"

ಅವನು ಮತ್ತೆ ವೇದಿಕೆ ಹತ್ತಿದ. ಆ ಮಷೀನಿನ ಆವಾಜಿನ ನಾಬು ನನ್ನ ಕೈಯಲ್ಲಿತ್ತು. ಕಡಿಮೆ ಮಾಡಬಹುದಿತ್ತು, ಬಂದ್ ಮಾಡಬಹುದಿತ್ತು. ನನಗೆ ಅದಕ್ಕಿಂತ ಕೆಟ್ಟ ವಿಚಾರ ಹೊಳೆಯಿತು. ಭೋಂಗಾವನ್ನು ಪೂರ್ತಿ ಏರಿಸಿದರೆ ಕಿವಿ ಹರಿಯುವ ಹಾಗೆ ಕಿರುಚುತ್ತದೆ ಎಂಬುದು ಮೈಕಿನವರಿಗೆಲ್ಲ ಗೊತ್ತು. ಕಿರುಚಲಿ, ಮಂದಿ ಒದರಲಿ, ಅಧಿಕಾರಿಗಳು ಇವನನ್ನು ಕೆಳಗಿಳಿಸಲಿ, ಸಫಾರಿಯವರು ಎದ್ದು ಹೋಗಲಿ. ನಾಬನ್ನು ಕೊನೆಯವರೆಗೆ ತಿರುಗಿಸಿಬಿಟ್ಟೆ.

ಕಿರುಚಿತು. ಏರಿಯುದ್ದಕ್ಕೂ ಎಲ್ಲ ಭೋಂಗಾಗಳೂ ಒಟ್ಟಿಗೆ ಕಿರುಚಿದವು. ಹೆಂಗಸರು ಕಿವಿ ಮುಚ್ಚಿಕೊಂಡರು. ಎತ್ತೊಂದು ಹಗ್ಗ ಹರಿದುಕೊಂಡು ಓಡಿತು. ನಾನು ಗೆದ್ದೆ ಅಂದುಕೊಂಡೆ.

ಅವನು ಆ ಕಿರುಚುವಿಕೆಗೆ ಹೆದರಲಿಲ್ಲ. ಗಿಟಾರನ್ನು ಹತ್ತಿರದ ಭೋಂಗಾದ ಕಡೆ ತಿರುಗಿಸಿ, ತಂತಿಯ ಮೇಲೆ ಬೆರಳಿಟ್ಟು, ಆ ಕಿರುಚುವ ಸದ್ದನ್ನೇ ಹಿಡಿದ. ಗಾಳಕ್ಕೆ ಬಿದ್ದ ಮೀನನ್ನು ಹಿಡಿದ ಹಾಗೆ. ಬಿಟ್ಟ, ಅದು ಓಡಿತು. ಜಗ್ಗಿದ, ಅದು ಹಾಡಾಯಿತು! ಅಷ್ಟರಲ್ಲಿ ಇನ್ನೊಂದು ಸೋಜಿಗ. ಹತ್ತಿರದ ಭೋಂಗಾದ ಸದ್ದು ಕಿವಿಗೆ ಬಿದ್ದ ಮೇಲೆ ಅದರಾಚೆಯದರ ಸದ್ದು ಬಂತು, ಆಮೇಲೆ ಅದರಾಚೆಯದು. ಕಾಲುವೆ ತಿರುಗುವ ಕಡೆಯ ಕೊನೆಯ ಭೋಂಗಾ ಎಲ್ಲಕ್ಕಿಂತ ತಡವಾಗಿ ಅದೇ ಸ್ವರವನ್ನು ಹಿಂದಿರುಗಿಸಿತು. ಭಾಷಣದಲ್ಲಿ ಇದು ನಮಗೆ ದೊಡ್ಡ ತಲೆನೋವು, ಒಂದು ಮಾತಿನ ಮೇಲೆ ಇನ್ನೊಂದು ಮಾತು ಬೀಳುತ್ತದೆ. ಅವನಿಗೆ ಅದು ಸಿಕ್ಕಿದ್ದೇ ತಡ, ಕಣ್ಣರಳಿಸಿ ನಕ್ಕ. ಒಂದು ಸ್ವರ ಎಸೆದು ಕಾದ. ಅದು ದೂರ ಹೋಗಿ ಬಂದೊಡನೆ ಅದರ ಬೆನ್ನ ಮೇಲೆ ಇನ್ನೊಂದನ್ನು ಎಸೆದ. ಒಬ್ಬನೇ ನಿಂತು ಹತ್ತು ಮಂದಿ ಬಾರಿಸಿದ ಹಾಗೆ ಬಾರಿಸಿದ. ಡ್ರಮ್ಮಿನವನು ಕೋಲು ಮೇಲೆತ್ತಿಕೊಂಡು ಹಾಗೇ ನಿಂತುಬಿಟ್ಟಿದ್ದ, ಅವನಿಗೂ ಅರಿವು ಬಂದು ಹೊಡೆಯತೊಡಗಿದ.

ಆಗಲೇ ಗೇಟಿನ ಕಡೆಯಿಂದ ಕೂಗೆದ್ದಿತು. "ಬಂತಲೇ! ನೀರು ಬಂತು!"

ಅತಿಥಿಗಳು ಬರುವ ಮೊದಲೇ ಗೇಟಿನ ಕೆಳಗಿಂದ ನೀರು ಜಿನುಗಿ ಹೊರಟಿತ್ತೋ, ಯಾರಾದರೂ ತಾಳ್ಮೆಗೆಟ್ಟು ಎತ್ತಿದರೋ, ನನಗೆ ಗೊತ್ತಿಲ್ಲ. ಮೊದಲು ಬಂದದ್ದು ನೀರಲ್ಲ. ಒಣ ಎಲೆ, ಹೊಟ್ಟು, ನೊರೆ, ಯಾರದೋ ಒಂದು ಕಾಲಿನ ಚಪ್ಪಲಿ, ಇವನ್ನೆಲ್ಲ ಮುಂದೆ ದೂಡಿಕೊಂಡು ಕೆಂಪು ನೀರು ಮೆಲ್ಲಗೆ ನಡೆದು ಬಂತು. ಮಂದಿ ಅದರ ಜೊತೆ ಏರಿಯ ಮೇಲೆ ಓಡಿದರು. ಒಂದು ಭೋಂಗಾದಿಂದ ಇನ್ನೊಂದು ಭೋಂಗಾಕ್ಕೆ ಗಿಟಾರೂ ಅವರ ಜೊತೆ ಓಡಿತು. ಮುದುಕರು ತಲೆಯ ಪಟಕಾ ಬಿಚ್ಚಿ ಬೀಸಿದರು. ಒಬ್ಬ ಮುದುಕಿ ಸೀರೆ ಎತ್ತಿ ಕಟ್ಟಿ ಕಾಲುವೆಯಲ್ಲಿ ಇಳಿದು, ನೀರನ್ನು ಬೊಗಸೆಯಲ್ಲಿ ಹಿಡಿದು, "ಬಾರಿಸಲೇ ನನ್ನ ಮಗನ, ಬಾರಿಸು!" ಎಂದು ಕೂಗಿದ್ದು ನನಗೆ ನೆನಪಿದೆ.

ಸಫಾರಿಯವರು ಎದ್ದು ನಿಂತಿದ್ದರು. ಬಾಯಲ್ಲಿ ಹೊಸ ಪಾನು ಇಟ್ಟುಕೊಂಡವರು ಅಗಿಯುವುದನ್ನು ಮರೆತಿದ್ದರು. ಬಾರಿಸಿ ಮುಗಿಸಿದ ಅವನು ಬೆವರು ಸುರಿಸುತ್ತ ಓಡಿ ಬಂದು, ಎಲ್ಲರ ಮುಂದೆ ನನ್ನ ಕಾಲು ಮುಟ್ಟಿದ.

"ಅಣ್ಣ, ಫುಲ್ ಇಟ್ಟಿರಲ್ಲ! ಅಧಿಕಾರಿಗೋಳಿಗಿ ಹೆದರಲಾರದ ಫುಲ್ ಇಟ್ಟಿರಲ್ಲ! ಡಬ್ಬಿ ಬಿಡು, ಭೋಂಗಾ ಹಿಡಿ ಅಂತ ನೀವ ತೋರ್ಸಿದ್ದು!"

ನಾನು ಅವನನ್ನು ಎತ್ತಿದೆ. ಸಫಾರಿಯವರು ನನ್ನ ಬೆನ್ನು ತಟ್ಟಿ, "ವಾಹ್ ಭಾಯಿ, ದಿಲ್ ಬಡಾ ಹೈ ಆಪ್ ಕಾ" ಎಂದು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಇಬ್ಬರ ಮಾತನ್ನೂ ಒಪ್ಪಿಕೊಂಡೆ.

ಅವನು ಅದೇ ವಾರ ಹೈದರಾಬಾದಿಗೆ ಹೋದ. ಮುಂದೆ ಹೋಟೆಲುಗಳು, ದೊಡ್ಡ ದೊಡ್ಡ ಶಾದಿಮಹಲುಗಳು, ಬೀದರ್, ಸೋಲಾಪುರ, ಮುಂಬಯಿ. ಸಿನೆಮಾ ಹಾಡುಗಳ ರೆಕಾರ್ಡಿಂಗಿನಲ್ಲೂ ಬಾರಿಸಿದ. ಕಾಲೇಜು ಹುಡುಗರ ರಾಕ್ ತಂಡಗಳು ಅವನನ್ನು ಕರೆದೊಯ್ದು ನಡುವೆ ನಿಲ್ಲಿಸಿಕೊಂಡವು. ಎಲ್ಲಿ ಹೋದರೂ ಅವನದೊಂದು ಷರತ್ತು: ಒಂದು ಸ್ಪೀಕರನ್ನು ಸಭಾಂಗಣದ ಹಿಂದಿನ ಗೋಡೆಯ ಹತ್ತಿರ ಇಡಬೇಕು. ಸ್ವರ ಎಸೆದು, ಕಾದು, ದೂರದಿಂದ ಬಂದದ್ದರ ಮೇಲೆ ಮತ್ತೊಂದನ್ನು ಕೂಡಿಸುವುದು ಅವನ ಗುರುತಾಯಿತು. ಆಮೇಲೆ ಇದೇ ಕೆಲಸ ಮಾಡುವ ಸಣ್ಣ ಪೆಟ್ಟಿಗೆಗಳು ಬಂದವು, ಕಾಲಿನಿಂದ ಒತ್ತಿದರೆ ಸಾಕು. ಅವನು ಅವನ್ನು ಮುಟ್ಟಲಿಲ್ಲ. "ಪೆಟ್ಟಿಗಿಯಾಗ ಹೊಳಿ ಇರಂಗಿಲ್ಲ" ಎನ್ನುತ್ತಿದ್ದನಂತೆ. ಯಾರು ಕೇಳಿದರೂ ಇದು ನಮ್ಮ ಶಹಾಪುರದ ಮೈಕಣ್ಣನ ಬುದ್ಧಿ ಎಂದು ಹೇಳುತ್ತಿದ್ದ. ಆ ಮಾತು ಊರಿಂದ ಊರಿಗೆ ತಿರುಗಿ ನನ್ನ ಹೆಗಲ ಮೇಲೆ ಶಾಲಾಗಿ ಬೀಳುತ್ತಿತ್ತು.

ಈ ಬೇಸಿಗೆಯಲ್ಲಿ ಅವನು ಊರಿಗೆ ಮರಳಿದ. ತಲೆ ಬೆಳ್ಳಗಾಗಿದೆ, ಕಣ್ಣು ಮಾತ್ರ ಅವೇ. ಬಂದವನು ಮೊದಲು ನಮ್ಮ ಮನೆಗೇ ಬಂದ. ಸುರಪುರದ ಹುಡುಗರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು.

"ಅಣ್ಣ, ನನ್ನ ಮಗ್ಗಲಕ ನೀವು ಕೂಡಬೇಕು. ಆವತ್ತಿನ ಕತಿ ನಿಮ್ಮ ಬಾಯಿಲೆ ಹೇಳಬೇಕು. ನಾ ಹೇಳಿ ಹೇಳಿ ಸವದ್ ಹೋಗ್ಯಾದ."

ನನ್ನ ಮನೆಯವಳು ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ತಂದಿಟ್ಟು ಹೋದಳು. ನಾನು ತಟ್ಟೆಯನ್ನು ಅವನ ಕಡೆ ಸರಿಸಿದೆ. ಸುಮ್ಮನಿದ್ದು ಇಷ್ಟು ವರ್ಷ ಕಳೆದಿದ್ದೆ. ಆದರೆ ಅವನ ಪಕ್ಕದಲ್ಲೇ ಕೂತು, ಮೈಕು ಹಿಡಿದು, ನನ್ನ ಬಾಯಿಂದಲೇ ಆ ಸುಳ್ಳನ್ನು ಹೇಳುವುದು ಆಗಲಿಲ್ಲ.

"ತಮ್ಮಾ, ಆ ಡಬ್ಬಿ ನಾ ರಿಪೇರಿ ಮಾಡಿದ್ದು ಮರ್ಯಾದಿಗಲ್ಲ. ನೀ ಹೈದ್ರಾಬಾದಿಗಿ ಹೋಗಬಾರದಂತ ಮಾಡ್ದೆ."

ಅವನು ಮಿರ್ಚಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. "ಮತ್ತ ಫುಲ್ ಯಾಕಿಟ್ರಿ?"

"ಕಿರಚಲಿ ಅಂತ. ಮಂದಿ ನಿನ್ನ ಒದರಿ ಕೆಳಗಿಳಸ್ಲಿ ಅಂತ."

ಅವನು ಮಿರ್ಚಿಯನ್ನು ತಟ್ಟೆಯಲ್ಲಿಟ್ಟ. ಕೈ ಒರೆಸಿಕೊಂಡ. ಚಪ್ಪಲಿ ಮೆಟ್ಟಿ ಹೊರಟುಹೋದ. ಚಹಾ ತಂದ ನನ್ನ ಮನೆಯವಳು ಖಾಲಿ ಕುರ್ಚಿ ನೋಡಿ, "ಏನಂದ್ರಿ ಅವಗ?" ಎಂದಳು. ಅವಳಿಗೂ ಹೇಳಿದೆ. ಅವಳು ಆ ಚಹಾವನ್ನು ನನಗೆ ಕೊಡದೆ ಒಳಗೆ ಒಯ್ದಳು.

ಸನ್ಮಾನ ಮುಗಿಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಅಲ್ಲಿ ಅವನು ಆ ಕತೆಯನ್ನೇ ಹೇಳಲಿಲ್ಲವೆಂದು ತಿಳಿಯಿತು. ಇನ್ನು ಅವನ ಮುಖ ನೋಡುವುದಿಲ್ಲ ಎಂದೇ ತಿಳಿದಿದ್ದೆ.

ಮೊನ್ನೆ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಇಳಿದವನು ಅವನೇ. ಕೈಯಲ್ಲಿ ಆ ಕೆಂಪು ಗಿಟಾರು.

"ಆ ಹರಕ ಸ್ಪೀಕರ ಖರೇನ ಒಗದೀರೇನು, ಅದೂ ಸುಳ್ಳೋ?"

"ಸುಳ್ಳು. ಅಟ್ಟದ ಮ್ಯಾಲದ."

"ಇಳಸ್ರಿ."

ಗೋಣಿ ಬಿಚ್ಚಿದೆ. ಧೂಳು ಊದಿದೆ. ಬಂಡೆಯ ಚೂರು ಹೊಡೆದ ಸೀಳು ಹಾಗೇ ಇತ್ತು. ಹಳೆಯ ಮಷೀನನ್ನು ಹೊರತೆಗೆದು ವೈರು ಕೂಡಿಸಿದೆ. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ.

"ಅಣ್ಣ, ನೀವು ಮಾಡಿದ್ದು ಹಲ್ಕಟ್ ಕೆಲಸ. ಮಾಫಿ ಗೀಫಿ ನನಗ ಕೇಳಬ್ಯಾಡ್ರಿ. ಆದ್ರ ಎಷ್ಟು ಊರಾಗ, ಎಷ್ಟು ಮಂದಿ ಮುಂದ ನಿಮ್ಮ ಸಲುವಾಗಿ ನಾ ಸುಳ್ಳು ಹೇಳೀನಿ! ಅದನ್ನೆಲ್ಲ ಈಗ ಯಾರು ಹೋಗಿ ತಿದ್ದಬೇಕು?"

"ನಾ ತಿದ್ತೀನಿ."

"ಹ್ಯಾಂಗ?"

"ಬರೀತೀನಿ. ಇದ್ದದ್ದು ಇದ್ದಂಗ."

"ಬರೀರಿ. ಮುದುಕಿ ನನಗ ಬೈದದ್ದು ಬಿಡಬ್ಯಾಡ್ರಿ ಮತ್ತ."

ಬಿಟ್ಟಿಲ್ಲ. ಎಲ್ಲ ಬರೆದಿದ್ದೇನೆ.

ಅವನು ತಂತಿಯ ಮೇಲೆ ಬೆರಳಿಟ್ಟು ನಿಧಾನ ಎಳೆದ. ಮೊದಲು ಬರೀ ಧೂಳು ಹಾರಿತು. ಆಮೇಲೆ ಆ ಹರಿದ ಕಾಗದ ನಡುಗಿ, ಗೊರಗುಟ್ಟಿ, ಮೆಲ್ಲಗೆ ಗುರ್ರೆಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವನ ಮುಖ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಬೆಳಗಿದ ಹಾಗೇ ಬೆಳಗಿತು, ನನಗೆ ನೋಡಲು ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

"ಅಣ್ಣ."

"ಹೇಳಪಾ."

"ಈ ಸಲ ಖರೇನ ಫುಲ್ ಇಡ್ರಿ."

ನಾಬು ಹಿಡಿದು ಕೊನೆಯವರೆಗೆ ತಿರುಗಿಸಿದೆ. ಪಕ್ಕದ ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಒಂದೇ ಸಲ ಎದ್ದವು. ಒಳಗಿಂದ ನನ್ನ ಮನೆಯವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದು ಏನೋ ಕೂಗಿದಳು. ಆ ಸದ್ದಿನಲ್ಲಿ ಏನೆಂದು ಕೇಳಿಸಲಿಲ್ಲ.